ಹೊಲಿಗೆಯವರ ಕತ್ತುನೋವು

ಆ ಟೈಲರಿಂಗ್ ಅಂಗಡಿಯಲ್ಲಿ ಅತ್ತಿಗೆ ಬಟ್ಟೆ ಕತ್ತರಿಸುತ್ತಿದ್ದಳು, ನಾದಿನಿ ಹೊಲಿಯುತ್ತಿದ್ದಳು. ಅತ್ತಿಗೆಯ ಕತ್ತರಿಗಿಂತ ನಾಲಿಗೆ ಹರಿತ ಎಂದು ಗೊಣಗುತ್ತಲೇ ಗಿರಾಕಿಗಳು ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಅವಳು ಕತ್ತರಿಸಿದ ಅಂಗಿ ಹೆಗಲ ಮೇಲೆ ಸುಕ್ಕಿಲ್ಲದೆ ಕೂರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಅವನ ತಂಗಿಯನ್ನೂ ಒಟ್ಟಿಗೇ ಹೊತ್ತುಕೊಂಡವಳು ಅವಳು. ಹಾಗೆ ಹೊತ್ತವರಿಗೆ ಬರುವ ಹಟವೂ ಬಂದಿತ್ತು.

ಹೊಲಿಯುವವರಿಗೆ ಕತ್ತುನೋವು ತಪ್ಪಿದ್ದಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಬ್ಬಳು ಕತ್ತರಿಸುವ ಮೇಜಿನ ಮೇಲೆ ಮಲಗುವುದು, ಇನ್ನೊಬ್ಬಳು ಕತ್ತು ತಿಕ್ಕುವುದು ಅಲ್ಲಿಯ ರೂಢಿ. ತಿಕ್ಕಿ ತಿಕ್ಕಿ, ಕತ್ತಿನ ವಿಷಯದಲ್ಲಿ ತನಗೆ ತಿಳಿಯದ್ದೇನೂ ಇಲ್ಲ ಎಂಬ ನಂಬಿಕೆ ಅತ್ತಿಗೆಗೆ ಬಂದುಬಿಟ್ಟಿತ್ತು. ತಲೆನೋವು ಅಂದರೂ ಕತ್ತು, ಕಣ್ಣುರಿ ಅಂದರೂ ಕತ್ತು. ಹೊಟ್ಟೆನೋವು ಎಂದ ಗಿರಾಕಿಗೂ ಕತ್ತು ನೀವಿ ಕಳಿಸಿದ ಪುಣ್ಯಾತ್ಗಿತ್ತಿ.

ಆದ್ದರಿಂದ ನಾದಿನಿಗೆ ಜ್ವರ ಬಂದು, ತಲೆ ಸಿಡಿಯುತ್ತಿದೆ, ಕತ್ತು ಹಿಡಿದುಕೊಂಡಿದೆ ಎಂದಾಗ ಅತ್ತಿಗೆ ಮೂಗು ಮುರಿದಳು.

"ಬೆಳಿಗ್ಗೆಯಿಂದ ಕಾಲರ್ ಹೊಲೀತಿದ್ದೀಯ. ಹಿಡ್ಕೊಳ್ದೆ ಇನ್ನೇನು ಮಾಡುತ್ತೆ?"

"ಇದು ದಿನಾ ಬರೋ ನೋವಲ್ಲ ಅತ್ತಿಗೆ. ಆಸ್ಪತ್ರೆಗೆ ಹೋಗೋಣ್ವಾ?"

"ಕತ್ತುನೋವಿಗೆಲ್ಲ ಆಸ್ಪತ್ರೆಗೆ ಹೋದ್ರೆ ನಗ್ತಾರೆ ಕಣೇ. ಜ್ವರದ ಮಾತ್ರೆ ನುಂಗಿ ಮಲ್ಕೋ."

ಮಾರನೆಯ ದಿನ ನಾದಿನಿ ಅಂಗಡಿಗೆ ಬಂದವಳೇ ಮಿಷನ್ನಿನ ದೀಪ ಆರಿಸಿದಳು. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತಂತೆ. ಕುಡಿದ ನೀರೂ ವಾಂತಿಯಾಯಿತು. ಅತ್ತಿಗೆ ಮೇಜಿನ ಮೇಲಿದ್ದ ಬಟ್ಟೆ ಸರಿಸಿ, ಅವಳನ್ನು ಮಲಗಿಸಿ, ತಲೆಯ ಕೆಳಗೆ ಕೈಕೊಟ್ಟು ಗದ್ದವನ್ನು ಎದೆಗೆ ತಾಗಿಸಲು ನೋಡಿದಳು. ಕೆಲಸದ ನೋವಾದರೆ ಕತ್ತು ಕಿರುಚಿಸಿಯಾದರೂ ಬಗ್ಗುತ್ತದೆ. ಇದು ಹಲಗೆಯ ಹಾಗೆ ಬಿಗಿದಿತ್ತು. ಇನ್ನಷ್ಟು ಎತ್ತಿದಾಗ ಮೊಣಕಾಲುಗಳು ತಾವಾಗಿಯೇ ಮಡಚಿಕೊಂಡವು.

"ಕಾಲ್ಯಾಕೆ ಮಡಚ್ತೀಯ?"

"ಯಾರ ಕಾಲು?" ಎಂದಳು ನಾದಿನಿ. ಆಮೇಲೆ, "ಅಣ್ಣ ಊಟಕ್ಕೆ ಬಂದ್ನಾ?" ಎಂದು ಕೇಳಿದಳು.

ಅಣ್ಣ ಸತ್ತು ವರ್ಷಗಳಾಗಿದ್ದವು. ಅತ್ತಿಗೆ ಅವಳನ್ನು ತಬ್ಬಿ ಎಬ್ಬಿಸಿದಳು. ಅಂಗಡಿ ತೆರೆದದ್ದು ತೆರೆದ ಹಾಗೇ ಬಿಟ್ಟು, ಆಟೋ ಹಿಡಿದು, ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದಳು.

"ಜ್ವರ ಯಾವಾಗಿಂದ?" ಡಾಕ್ಟರಮ್ಮ ಕೇಳಿದರು.

"ಬೆಳಿಗ್ಗೆಯಿಂದ" ಎಂದಿತು ಅತ್ತಿಗೆಯ ಬಾಯಿ. ಸ್ಟ್ರೆಚರ್ ಒಳಗೆ ಹೋಗುವಷ್ಟರಲ್ಲಿ ಅದೇ ಬಾಯಿ ಕೂಗಿಕೊಂಡಿತು: "ಇಲ್ಲ ಡಾಕ್ಟ್ರೇ, ನಿನ್ನೆಯಿಂದ! ಆಸ್ಪತ್ರೆಗೆ ಹೋಗೋಣ ಅಂದ್ಲು. ನಾನೇ ಬೇಡ ಅಂದೆ."

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮಿದುಳಿನ ಪೊರೆಗೆ ಸೋಂಕು ತಗುಲಿರುವಂತಿದೆ ಎಂದು, ಪರೀಕ್ಷೆಗೆಂದು ಕಾಯದೆ ಔಷಧಿಯ ಸೂಜಿ ಚುಚ್ಚಿಸಿದರು. ಆ ಪರೀಕ್ಷೆಗೆ ಬೆನ್ನಿನಿಂದ ನೀರು ತೆಗೆದದ್ದು ಆಮೇಲೆ.

"ಜ್ವರದ ಜೊತೆ ಕತ್ತು ಬಗ್ಗದಿದ್ರೆ, ಮಾತು ತಪ್ಪಿದ್ರೆ, ಎಬ್ಬಿಸಿದ್ರೂ ಏಳದಂಥ ಮಂಪರು ಬಂದ್ರೆ, ನಾಳೆ ನೋಡೋಣ ಅನ್ಬಾರ್ದಮ್ಮ. ತಲೆ ಸಿಡಿಯೋದು, ವಾಂತಿ, ಬೆಳಕು ತಡೀದೆ ಇರೋದು, ಎಲ್ಲ ಒಟ್ಟಿಗೇ ಬರ್ಬೇಕಂತಿಲ್ಲ. ಎಲ್ಲ ಬರ್ಲಿ ಅಂತ ಕಾದ್ರೆ ಹೊತ್ತು ಮೀರುತ್ತೆ. ಈಗ ಜೀವ ಉಳಿಸೋಣ. ಈ ಸೋಂಕಿನಿಂದ ಕಿವಿಗೆ ಪೆಟ್ಟು ಬಿದ್ದಿರಬಹುದು, ಅದನ್ನ ಆಮೇಲೆ ನೋಡ್ಬೇಕು."

ಜೀವ ಉಳಿಯಿತು. ಕೆಲವು ದಿನಗಳ ಮೇಲೆ ನಾದಿನಿ ಮೊದಲ ಸಲ ದಿಂಬಿಗೊರಗಿ ಕೂತು, ಕಿಟಕಿಯ ಕಡೆ ಮುಖ ಮಾಡಿದ್ದಳು. ವಾರ್ಡಿನಲ್ಲಿ ತಳ್ಳುಗಾಡಿಯ ಗಡಗಡ ಸದ್ದು, ಪಕ್ಕದ ಹಾಸಿಗೆಯ ಮಗುವಿನ ರಂಪ. ಅತ್ತಿಗೆ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಸುದ್ದಿ, ಬೀದಿಯ ಸುದ್ದಿ ಎಲ್ಲ ಒದರಿದಳು. ಕೊನೆಗೆ ದನಿ ತಗ್ಗಿಸದೆ, ಸುತ್ತಲಿನವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು, ತನ್ನದು ತಪ್ಪಾಯಿತು ಎಂದಳು. ಜನ್ಮದಲ್ಲಿ ಯಾರಿಗೂ ಹೇಳದ ಮಾತು ಅದು.

ನಾದಿನಿ ನಿಧಾನವಾಗಿ ಇತ್ತ ತಿರುಗಿದಳು.

"ಎಷ್ಟು ನಿಶ್ಶಬ್ದ ಇಲ್ಲಿ, ಅಲ್ವಾ ಅತ್ತಿಗೆ? ನೀವೂ ಬಾಯಿ ಮುಚ್ಕೊಂಡು ಕೂತಿದ್ದೀರಿ. ನನ್ನ ಮೇಲೆ ಸಿಟ್ಟಾ?"

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು. ತಪ್ಪಾಯಿತು ಎಂಬುದನ್ನು ತಲೆಯಾಡಿಸಿ ಹೇಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.