ಕೆಂಪಿನೋಲೆಯ ಓಲೆಕಾರ

ಮನುಷ್ಯ ತನ್ನ ಕೈಯಾರೆ ಮಾಡಿಕೊಂಡ ವಸ್ತುಗಳಲ್ಲಿ ಹೆಂಗಸರ ಓಲೆಯ ತಿರುಪಿನಷ್ಟು ಚಪಲವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅನುಭವದ ಮಾತು. ಕೈಯಿಂದ ಜಾರಿದರೆ ಅದು ಕಾಲ ಬಳಿ ಬಿದ್ದಿರುವುದಿಲ್ಲ. ಟಣ್ ಎಂದು ಸದ್ದು ಮಾಡಿ, ನಮ್ಮ ಕಿವಿಗೆ ಒಂದು ದಿಕ್ಕು ತೋರಿಸಿ, ತಾನು ಮಾತ್ರ ಅದರ ವಿರುದ್ಧ ದಿಕ್ಕಿನಲ್ಲಿ ಅಡಗಿಕೊಳ್ಳುತ್ತದೆ. ಅಜ್ಜಂಪುರದ ನಮ್ಮ ಮನೆಯಲ್ಲಿ ಅದನ್ನು ಹುಡುಕಿ ತರುವ ಖಾತೆ ನನ್ನದು. ದೇವರ ಮುಂದೆಯೂ ಅಷ್ಟು ಶ್ರದ್ಧೆಯಿಂದ ಸಾಷ್ಟಾಂಗ ಎರಗದ ನಾನು, ಹೆಂಡತಿ ಗಿರಿಜೆಯ ತಿರುಪಿಗಾಗಿ ಮಂಚದ ಕೆಳಗೆ ಎಷ್ಟು ಸಲ ಎರಗಿದ್ದೇನೋ ಲೆಕ್ಕವಿಲ್ಲ. ಹಾಗೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಅತ್ತೆಯವರ ಕೆಂಪಿನ ಓಲೆ.

ನಮ್ಮ ಕಡೆ ಕೆಂಪು ಎಂದರೆ ಮೊದಲು ನೆನಪಾಗುವುದು ಕೆಮ್ಮಣ್ಣುಗುಂಡಿಯ ಮಣ್ಣು. ಆ ಕೆಂಪಿನಲ್ಲಿ ಕಬ್ಬಿಣವಿತ್ತು, ಅಗೆದರು, ಸಾಗಿಸಿದರು. ಓಲೆಯ ಕೆಂಪು ಅಲ್ಲಿಯದಲ್ಲ. ಯಾವ ಸಮುದ್ರ ದಾಟಿ, ಯಾರ ಕೈ ದಾಟಿ ಬಂತೋ, ಅತ್ತೆಯವರ ಮದುವೆಯಲ್ಲಿ ಅವರ ಕಿವಿ ಸೇರಿತು. ಹೂವಿನ ಆಕಾರದ ಚಿನ್ನದಲ್ಲಿ ಏಳು ಹರಳು, ನಡುವೆ ಒಂದು, ಸುತ್ತ ಆರು. ನೆರಳಿನಲ್ಲಿ ಹಳೆಯ ಕುಂಕುಮದಂತೆ ಮಂಕಾಗಿರುತ್ತಿದ್ದವು. ಅವರು ಬಿಸಿಲಿಗೆ ಬಂದು ಹಪ್ಪಳ ಹರವಲು ತಲೆ ಬಗ್ಗಿಸಿದರೆ ದಾಳಿಂಬೆ ಒಡೆದಂತೆ ಕಾಣುತ್ತಿದ್ದವು. ಚಿನ್ನಕ್ಕೆ ಮುಪ್ಪಿಲ್ಲವೆನ್ನುತ್ತಾರೆ, ಆದರೆ ತಿರುಪಿಗೆ ಇದೆ. ಅದರ ಸುತ್ತು ಸವೆದು ಸಡಿಲವಾದಾಗ ಅತ್ತೆ ಕಡ್ಡಿಗೆ ಒಂದೆಳೆ ದಾರ ಸುತ್ತಿ ತಿರುಗಿಸಿಕೊಳ್ಳುತ್ತಿದ್ದರು. ಕೊನೆಯವರೆಗೂ ಓಲೆ ತೆಗೆದವರಲ್ಲ.

ಅವರಿಗೆ ಇಬ್ಬರು ಹೆಣ್ಣುಮಕ್ಕಳು: ಚೌಳಹಿರಿಯೂರಿನ ತೆಂಗಿನ ತೋಟದ ಮನೆಗೆ ಹೋದ ಪಾರ್ವತಕ್ಕ, ಅಜ್ಜಂಪುರದ ಅಂಚೆ ಕಚೇರಿಯ ಗುಮಾಸ್ತನನ್ನು, ಎಂದರೆ ನನ್ನನ್ನು, ಕಟ್ಟಿಕೊಂಡ ಗಿರಿಜೆ. ಒಬ್ಬಳೇ ದೇವಿಯ ಎರಡು ಹೆಸರನ್ನು ಇಬ್ಬರಿಗೂ ಹಂಚಿದ್ದ ಅತ್ತೆ, ಓಲೆ ಯಾರಿಗೆಂದು ಮಾತ್ರ ಹೇಳಿ ಹೋಗಲಿಲ್ಲ. ಅವರು ತೀರಿಕೊಂಡ ಮೇಲೆ ಸರ, ಬಳೆ, ರೇಷ್ಮೆ ಸೀರೆಗಳೆಲ್ಲ ಒಂದು ಮಧ್ಯಾಹ್ನದಲ್ಲಿ ಹಂಚಿಕೆಯಾದವು. ಓಲೆಯ ಹತ್ತಿರ ಬಂದಾಗ ಜಗಳ ಶುರುವಾಯಿತು. ಆ ಜಗಳ ನೀವು ಊಹಿಸಿದಂಥದ್ದಲ್ಲ. ನೀನು ಇಟ್ಟುಕೋ ಎಂದು ಅಕ್ಕ, ಹಿರಿಯಳು ನೀನು ಇಟ್ಟುಕೋ ಎಂದು ತಂಗಿ. ಒಬ್ಬರಿಗೊಬ್ಬರು ಸೋಲಲೇಬೇಕೆಂದು ಹಟ ಹಿಡಿದು, ಕಡೆಗೆ ಇಬ್ಬರೂ ಅಳುವುದಕ್ಕೆ ಕೂತರು. ಸಂಜೆಯ ಹೊತ್ತಿಗೆ ಒಪ್ಪಂದವಾಗಿದ್ದು ಹೀಗೆ: ಒಬ್ಬೊಬ್ಬರು ಒಂದೊಂದು ಓಲೆ ಇಟ್ಟುಕೊಳ್ಳುವುದು. ಯಾರ ಕಡೆ ಮದುವೆ, ಗೃಹಪ್ರವೇಶ ಬಂದರೂ ಇನ್ನೊಬ್ಬರು ತಮ್ಮದನ್ನು ಕಳಿಸುವುದು.

ಕಳಿಸುವುದು ಯಾರ ಕೈಯಲ್ಲಿ? ಓಲೆ ಎಂದರೆ ಹಿಂದೆ ತಾಳೆಗರಿ. ಅದನ್ನೇ ಸುರುಳಿ ಸುತ್ತಿ ಹೆಂಗಸರು ಕಿವಿಗೆ ಇಟ್ಟುಕೊಂಡರು, ಅದರ ಮೇಲೆಯೇ ಗಂಡಸರು ಪತ್ರ ಬರೆದರು. ಪತ್ರ ಒಯ್ಯುವವನು ಓಲೆಕಾರ. ಜೀವಮಾನವೆಲ್ಲ ಊರವರ ಪತ್ರಗಳಿಗೆ ಮುದ್ರೆ ಒತ್ತಿ ನಿವೃತ್ತನಾದ ನನಗೆ ಈ ಎರಡನೆಯ ಓಲೆಯ ಕೆಲಸ ಹೇಳಿ ಮಾಡಿಸಿದಂತಿತ್ತು. ಗಿರಿಜೆಗೆ ಮನೆಯಲ್ಲಿ ಎರಡು ಹಸು. ಗಂಡಸಿನ ಕೈಗೆ ಹಸು ಹಾಲು ಬಿಡುವುದಿಲ್ಲವೆಂದು ಅವಳ ದೃಢ ನಂಬಿಕೆ. ಆದ್ದರಿಂದ ಓಲೆಯನ್ನು ಕರವಸ್ತ್ರದಲ್ಲಿ ಗಂಟುಕಟ್ಟಿ, ಅಂಗಿಯ ಒಳಜೇಬಿಗೆ ಹಾಕಿ, ಜೇಬಿಗೆ ಪಿನ್ನು ಚುಚ್ಚಿ ನನ್ನನ್ನು ಕಳಿಸುತ್ತಿದ್ದಳು. ಬೀರೂರಿನಲ್ಲಿ, ಕಡೂರಿನಲ್ಲಿ ಬಸ್ಸು ಬದಲಿಸುವಾಗ ನಾನು ಎದೆ ಮುಟ್ಟಿ ಮುಟ್ಟಿ ನೋಡಿಕೊಳ್ಳುವುದನ್ನು ಕಂಡು ಸಹಪ್ರಯಾಣಿಕರೊಬ್ಬರು ಎದೆನೋವೇ ಎಂದು ವಿಚಾರಿಸಿ ನೀರು ಕೊಟ್ಟದ್ದೂ ಉಂಟು. ಚೌಳಹಿರಿಯೂರು ಮುಟ್ಟಿದರೆ ಎಳನೀರು, ಹೋಳಿಗೆ, ಹೊರಡುವಾಗ ಕೈಗೆ ಕೊಬ್ಬರಿ ಮಿಠಾಯಿ. ಈ ಅಕ್ಕತಂಗಿಯರ ನಡುವಿನ ಸೇತುವೆ ನಾನೇ ಎಂಬ ಹೆಮ್ಮೆ ಮಿಠಾಯಿಗಿಂತ ಸಿಹಿಯಾಗಿತ್ತು.

ಹೀಗಿರುವಾಗ ಒಂದು ದಿನ ಪಾರ್ವತಕ್ಕನ ಫೋನು ಬಂತು. ಕಡೂರಿನ ಅಕ್ಕಸಾಲಿಗನಿಗೆ ತನ್ನ ಹತ್ತಿರವಿದ್ದ ಓಲೆ ತೋರಿಸಿ ಅದೇ ಮಾದರಿಯ ಇನ್ನೊಂದನ್ನು ಮಾಡಿಸಿದ್ದಾಗಿಯೂ, ಹರಳು ಕೂಡ ಚೆನ್ನಾಗಿ ಕೂತಿದೆಯೆಂದೂ, ಇನ್ನು ಮೇಲೆ ನಿನ್ನ ಓಲೆ ಕಳಿಸುವ ತಾಪತ್ರಯವಿಲ್ಲವೆಂದೂ ಹೇಳಿದರು. ಒಳ್ಳೆಯದಾಯಿತು ಎಂದು ಗಿರಿಜೆ ಫೋನಿಟ್ಟಳು. ಆಮೇಲೆ ಬಹಳ ಹೊತ್ತು ಕೊಟ್ಟಿಗೆಯಿಂದ ಒಳಗೆ ಬರಲಿಲ್ಲ. ಜೋಡಿ ಮಾಡಿಸಿದ್ದಕ್ಕೆ ಅವಳಿಗೆ ಬೇಸರವಿರಬಹುದೆಂದು ನಾನೆಣಿಸಿದ್ದೆ. ನೋವು ಇನ್ನೂ ಸೂಕ್ಷ್ಮವಾದ ಜಾಗದಲ್ಲಿತ್ತು. ಅಲ್ಲಿಯವರೆಗೆ ಇಬ್ಬರ ಬಾಯಲ್ಲೂ ಅದು 'ಅಮ್ಮನ ಓಲೆ' ಆಗಿತ್ತು. ಅಂದು ಮೊದಲ ಸಲ ಅಕ್ಕನ ಬಾಯಲ್ಲಿ 'ನಿನ್ನ ಓಲೆ' ಎಂದು ಬಂದಿತ್ತು.

ಮುಂದೆ ಮದುವೆಗಳು ಬಂದವು, ಹೋದವು. ಓಲೆ ಬೇಕೆಂದು ಆ ಊರಿಂದಲೂ ಕೇಳಲಿಲ್ಲ, ಈ ಊರಿಂದಲೂ ಕೇಳಲಿಲ್ಲ. ಫೋನಿನ ಮಾತು ಮೊದಲು ಮಳೆ-ಬೆಳೆಗೆ ಇಳಿಯಿತು, ಆಮೇಲೆ ಆರೋಗ್ಯಕ್ಕೆ, ಆಮೇಲೆ ಹಬ್ಬಕ್ಕೊಮ್ಮೆ ಮಾತ್ರ. ಬರೀ ಕಿವಿಯಲ್ಲೇನೂ ಗಿರಿಜೆ ಇರಲಿಲ್ಲ, ಸಾದಾ ಓಲೆಯಿತ್ತು. ಆದರೂ ನನ್ನ ಬುದ್ಧಿಗೆ ತೋಚಿದ ಪರಿಹಾರವನ್ನು ಒಂದು ಬೆಳಿಗ್ಗೆ ಮುಂದಿಟ್ಟೆ: ನಾವೂ ಒಂದು ಮಾಡಿಸಿಬಿಡೋಣ, ಒಂಟಿ ಓಲೆ ಪೆಟ್ಟಿಗೆಯಲ್ಲಿ ಏಕೆ ಕೊಳೆಯಬೇಕು ಎಂದೆ.

"ಅದು ಒಂಟಿಯಾಗಿಲ್ಲ ಕಣ್ರೀ," ಎಂದಳು ಗಿರಿಜೆ. "ಅದರ ಜೋಡಿ ಚೌಳಹಿರಿಯೂರಲ್ಲಿದೆ."



ತರೀಕೆರೆಯಲ್ಲಿ ಅವರ ಚಿಕ್ಕಪ್ಪನ ಮೊಮ್ಮಗಳ ಮದುವೆ ಬಂತು. ಅಕ್ಕತಂಗಿಯರಿಬ್ಬರೂ ತಪ್ಪಿಸುವಂತಿರಲಿಲ್ಲ. ಕಲ್ಯಾಣ ಮಂಟಪದ ಮೇಲಿನ ಕೋಣೆಯೊಂದರಲ್ಲಿ ಹೆಂಗಸರು ಸಿಂಗರಿಸಿಕೊಳ್ಳುತ್ತಿದ್ದರು. ಚೀಲಗಳನ್ನು ಕಾಯುವ ಗೌರವದ ಹುದ್ದೆ ಎಂದಿನಂತೆ ನನಗೆ ಒದಗಿ, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಪಾರ್ವತಕ್ಕ ಬಂದರು. ಕಿವಿಯಲ್ಲಿ ಜೋಡಿ ಓಲೆ. ನನಗಂತೂ ಎರಡರಲ್ಲಿ ಯಾವುದು ಅತ್ತೆಯವರದೆಂದು ಗೊತ್ತಾಗಲಿಲ್ಲ. ಚೆನ್ನಾಗಿದ್ದೀರಾ ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಮಿಕ್ಕವರೆಲ್ಲ ವಾಲಗದ ಸದ್ದು ಕೇಳಿ ಕೆಳಗಿಳಿದ ಮೇಲೆ ಒಳಗೆ ಉಳಿದವರು ಅವರಿಬ್ಬರೇ. ಕದ್ದು ಕೇಳುವವನಲ್ಲ ನಾನು. ಆದರೆ ಬಾಗಿಲಿಗೆ ಚಿಲಕವಿರಲಿಲ್ಲ, ನನ್ನ ಕಿವಿಗೂ ಇಲ್ಲ.

ಮೊದಲು ಸೀರೆಯ ನೆರಿಗೆಯ ಮಾತು, ಹೂವಿನ ಮಾತು.  ಅಷ್ಟು ಹೊತ್ತೂ ಗಿರಿಜೆ ಅಕ್ಕನ ಕಿವಿಯನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ, ಎಡಗಡೆಯದು ಅಮ್ಮಂದಲ್ಲವಾ ಎಂದು ಕೇಳಿದಳು. ಹೌದೆಂದರು ಪಾರ್ವತಕ್ಕ. ಹೊಸ ಹರಳು ಬಹಳ ಹೊಳೆಯುತ್ತವೆ ಎಂದಳು ಇವಳು. ಹೊಗಳಿಕೆಯೋ ಕುಟುಕೋ ತಿಳಿಯದ ದನಿ.

"ಗಿರಿಜಾ, ಹೊಸದು ಮಾಡ್ಸಿದ್ದು ನಾನು ಜೋಡಿ ಹಾಕ್ಕಳ್ಳಾಕಲ್ಲ ಕಣೇ," ಎಂದರು ಪಾರ್ವತಕ್ಕ. "ಅದನ್ನ ನಾನಿಟ್ಕಂಡು, ಅಮ್ಮಂದು ನಿಂಗೆ ಕೊಟ್ಬಿಡಾಣ, ನಿನ್ ಹತ್ರ ಜೋಡಿ ಇರ್ಲಿ ಅಂತ ಮಾಡ್ಸಿದ್ದು. ಮಾಡ್ಸಿ ಮನೆಗ್ ತಂದ್ಮೇಲೆ ಕೊಡಾಕೆ ಮನಸ್ಸೇ ಬರ್ಲಿಲ್ಲ. ಆ ನಾಚ್ಕೆಗೆ ಫೋನಲ್ಲಿ ಏನೇನೋ ಅಂದೆ."

ಕೆಳಗೆ ವಾಲಗ ಏರಿತು. ನನ್ನ ಹೆಂಡತಿ ಏನು ಹೇಳುತ್ತಾಳೋ ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ.

"ನಾನಾಗಿದ್ರೂ ಕೊಡ್ತಿರ್ಲಿಲ್ಲ ಬಿಡಕ್ಕ," ಎಂದಳು ಅವಳು. ಇಬ್ಬರೂ ನಕ್ಕರು. ನಗು ನಡುವೆ ಎಲ್ಲೋ ದಾರಿ ತಪ್ಪಿ ಬೇರೆ ಸದ್ದಾಯಿತು. ಮೂಗು ಸೀಟುವುದು ಕೇಳಿಸಿತು.

ನನಗೂ ತಿಳಿಸದೆ ಗಿರಿಜೆ ತನ್ನ ಪಾಲಿನ ಓಲೆಯನ್ನು ಪರ್ಸಿನಲ್ಲಿ ತಂದಿದ್ದಳು. ಈಗ ಅಲ್ಲಿ ಮೂರು ಓಲೆ, ನಾಲ್ಕು ಕಿವಿ. ಯಾವ ಗಣಿತಜ್ಞನೂ ಬಗೆಹರಿಸದ ಆ ಲೆಕ್ಕವನ್ನು ಅವರು ನಿಮಿಷದಲ್ಲಿ ಬಗೆಹರಿಸಿಕೊಂಡರು. ಮುಹೂರ್ತಕ್ಕೆ ಪಾರ್ವತಕ್ಕನ ಕಿವಿಯಲ್ಲಿ ಅಮ್ಮನ ಎರಡೂ ಓಲೆ. ಧಾರೆ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಅವೇ ಗಿರಿಜೆಯ ಕಿವಿಗೆ, ಅವಳ ಸಾದಾ ಓಲೆ ಅಕ್ಕನ ಕಿವಿಗೆ ಬಂದಿದ್ದವು. ಧಾರೆಯ ಹೊತ್ತಿಗೆ ಅಕ್ಕನ ಕಿವಿ ನೋಡಿದ್ದ, ಈಗ ಪಂಕ್ತಿಯಲ್ಲಿ ಗಿರಿಜೆಯ ಎದುರಿಗೆ ಕೂತಿದ್ದ ಮುದುಕಿಯೊಬ್ಬರು, ಅಕ್ಕತಂಗಿಯರು ಒಂದೇ ಥರದ ಓಲೆ ಮಾಡಿಸಿಕೊಂಡದ್ದು ಚೆನ್ನಾಯಿತು ಎಂದು ಮೆಚ್ಚಿದರು. ಹೊಸ ಓಲೆ ಕರವಸ್ತ್ರದ ಗಂಟಿನಲ್ಲಿ ನನ್ನ ಜೇಬಿನಲ್ಲಿತ್ತು. ನಿಜವಾಗಿ ಒಂಟಿಯಾದ ಓಲೆ ಎಂದರೆ ಅದು, ಪಾಪ, ಅದರದೇನೂ ತಪ್ಪಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಬಹಳ ಹುರುಪಿನಲ್ಲಿದ್ದೆ. ಎಲ್ಲ ಸರಿಹೋಯಿತಲ್ಲ, ಇನ್ನು ನನ್ನ ಓಡಾಟ ಮತ್ತೆ ಶುರು ಎಂದೆ. ಗಿರಿಜೆ ಕಿಟಕಿಯ ಹೊರಗೆ ನೋಡುತ್ತಾ ಇದ್ದು, ಬೇಡ ಎಂದಳು. ಅಕ್ಕ ಹೊರಡುವ ಮುಂಚೆ ಒಂದು ಮಾತು ಹೇಳಿದ್ದರಂತೆ: "ಇಷ್ಟ್ ವರ್ಷ ಓಲೆ ಬಂತು, ನೀನ್ ಬರ್ಲಿಲ್ಲ."

ನನ್ನ ಎದೆಯಲ್ಲಿ ಆಗ ನಿಜವಾಗಿಯೂ ಏನೋ ಚುಚ್ಚಿದಂತಾಯಿತು, ಪಿನ್ನಂತೂ ಅಲ್ಲ. ಹಿಂದಿನದೆಲ್ಲ ಒಂದೊಂದಾಗಿ ನೆನೆದೆ. ಪಾರ್ವತಕ್ಕನ ಹಿತ್ತಲ ಬಾವಿ, ಹೊಸದಾಗಿ ಕಟ್ಟಿಸಿದ ಜಗಲಿ, ಅವರಿಗೆ ಮಂಡಿನೋವು ಶುರುವಾಗಿ ಕುರ್ಚಿಯ ಮೇಲೆ ಕೂತು ತರಕಾರಿ ಹೆಚ್ಚುವುದು, ಇವೆಲ್ಲವನ್ನೂ ಕಂಡವನು ನಾನು. ಹೋಳಿಗೆ ತಿಂದವನು ನಾನು. ಅಕ್ಕತಂಗಿಯರಿಗೆ ಒಬ್ಬರನ್ನೊಬ್ಬರು ನೋಡಬೇಕೆನಿಸಿದಾಗಲೆಲ್ಲ ಓಲೆ ನೆಪವಾಯಿತು, ಆ ನೆಪವನ್ನು ಜೇಬಿಗೆ ಹಾಕಿಕೊಂಡು ಅವರ ಬದಲು ನಾನು ಹೋಗಿಬಂದೆ. ಸೇತುವೆಯೇನೋ ಆಗಿದ್ದೆ, ಆದರೆ ಅದನ್ನು ದಾಟಿದವರು ಯಾರೂ ಇರಲಿಲ್ಲ.

ಕಳೆದ ವಾರ ಗಿರಿಜೆ ತಾನೇ ಹೊರಟಳು. ಯಾರ ಮದುವೆಯೆಂದು ಕೇಳಿದೆ. ಯಾರದೂ ಇಲ್ಲ ಎಂದಳು. ತನ್ನ ಪಾಲಿನ ಅಮ್ಮನ ಓಲೆಯನ್ನು ಪುಟ್ಟ ಪರ್ಸಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿ, ಹಸುಗಳ ಕಿವಿಯಲ್ಲಿ ಏನೋ ಹೇಳಿ, ನನಗೆ ಅದಕ್ಕಿಂತ ಉದ್ದವಾಗಿ ಹೇಳಿ, ಬೆಳಗಿನ ಬಸ್ಸು ಹತ್ತಿದಳು. ಒಂದು ಹಸು ಸುಮ್ಮನೆ ಹಾಲು ಕೊಟ್ಟಿತು. ಇನ್ನೊಂದು ನನ್ನನ್ನು ತಿರುಗಿ ನೋಡಿ ಬಹಳ ಯೋಚಿಸಿ ಕೊಟ್ಟಿತು. ಸಂಜೆ ಬರುತ್ತೇನೆಂದವಳು ಬರಲಿಲ್ಲ. ಮಾರನೆಯ ದಿನ ನಾನೇ ಫೋನು ಮಾಡಿದೆ. ಹಿಂದಿನಿಂದ ಪಾರ್ವತಕ್ಕನ ನಗು ಕೇಳುತ್ತಿತ್ತು. ಯಾವಾಗ ಬರುತ್ತೀ ಎಂದು ಕೇಳಿದೆ.

"ಇವತ್ತು ಜೋಡಿ ಹಾಕ್ಕಳ್ಳಾ ಸರದಿ ಅಕ್ಕಂದು," ಎಂದಳು ಗಿರಿಜೆ. "ನಾಳೆ ನಂದು. ನಾಡಿದ್ದು ನೋಡಾಣ ಇರಿ."