ಗಂಡನ ಹೆಸರಿನ ಖಾನೆ

ನಮ್ಮತ್ತಿ ನಮ್ಮ ಮಾವನ ಹೆಸರು ಹೇಳಂಗಿಲ್ಲ. ಲಗ್ನ ಆಗಿ ನಲವತ್ತು ವರ್ಷದ ಮ್ಯಾಲಾತು, ಹೋದ ವರ್ಷದ ತನಕ ಒಂದ್ಸಲನೂ ಹೇಳಿರಲಿಲ್ಲ. ದವಾಖಾನಿಯಾಗ ಕೇಳಿದ್ರ ನನ್ನ ಮಾರಿ ನೋಡ್ತಾರ. ಲಗ್ನದ ದಿನ ಮಂದಿ ಬಾಗಿಲಾಗ ಅಡ್ಡ ನಿಂತು, ‘ಒಡಪ ಹೇಳು, ಪದ ಕಟ್ಟಿ ತುದಿಗಿ ಗಂಡನ ಹೆಸರು ಇಡು, ಆಮ್ಯಾಲೆ ಒಳಗ ಬಾ’ ಅಂದಿದ್ರಂತ. ಅತ್ತಿ ಸುಮ್ಮನ ಹಿತ್ತಲ ಬಾಗಿಲಿಂದ ಒಳಗ ಬಂದ್ರಂತ! ಆ ಸಿಟ್ಟು ಮಾವನ ಹೊಟ್ಟಿಯಾಗ ಹಂಗ ಇತ್ತು.

ಹೋದ ವರ್ಷ ನಾ ಮುಂಡರಗಿಯಿಂದ ಗದಗಿಗೆ ಬಸ್ಸಿನಾಗ ಓಡಾಡಿ ವೆಬ್ ಪುಟ ಮಾಡೂದು ಕಲಿಯಾಕ ಹತ್ತಿದ್ದೆ. ಹೊಸದರಾಗ ಅಗಸ ಗೋಣಿ ಎತ್ತೆತ್ತಿ ಒಗದ ಅಂತಾರಲ್ಲ, ನಂದೂ ಅದ ಕಥಿ. ಅತ್ತಿಯವರ ಮಹಿಳಾ ಸಂಘ ಬೆಟಗೇರಿಯಾಗ ರೊಟ್ಟಿ-ಚಟ್ನಿ ಮಾರಾಟ ಇಟ್ಟಿತ್ತು. ಟೇಬಲ್ ಹತ್ತ, ಕೇಳೋರು ಮೂವತ್ತು. ಮೊದಲು ಅರ್ಜಿ ಹಾಕಿದವರಿಗೆ ಮೊದಲು ಟೇಬಲ್. ಮೊಬೈಲಿನಾಗ ತುಂಬೋ ಅರ್ಜಿ ನಾ ಮಾಡಿಕೊಡತೇನಿ ಅಂತ ಜಂಬ ಹೊಡದು ಒಪ್ಪಿಕೊಂಡೆ.

ಅತ್ತಿಗೆ ಆ ಟೇಬಲ್ ಬೇಕ ಬೇಕಾಗಿತ್ತು. ಅವರ ಗುರೆಳ್ಳ ಚಟ್ನಿ ಓಣಿಯವರೆಲ್ಲಾ ಬೆರಳು ಚೀಪಿ ತಿಂತಾರ ಖರೆ, ಆದ್ರ ಹಿಂದಿನ ಸಲ ಟೇಬಲ್ ಸಿಗದ ಡಬ್ಬಿ ಎಲ್ಲಾ ಕಟ್ಟಿಕೊಂಡು ಹೊಳ್ಳಿ ಬಂದಿದ್ರು. ಅವತ್ತು ಅವರು ಉಣಲಿಲ್ಲ.

ನನ್ನ ಮೊದಲನೇ ಅರ್ಜಿ ಅತ್ತಿನ ತುಂಬಿದ್ರು. ‘ಕಳಿಸು’ ಒತ್ತಿದ ಕೂಡಲೇ ಪುಟ ಒಮ್ಮೆ ಮಿಣಕ್ ಅಂದು ಬರದಿದ್ದೆಲ್ಲಾ ಮಾಯ. ‘ನಿನ್ನ ಕಂಪ್ಯೂಟರ್‌ಗೆ ಬೆಂಕಿ ಹಚ್ಚಲಿ!’ ಅಂತ ಅತ್ತಿ ಒಲಿ ಮುಂದ ಹೋಗಿ ಕುಂತ್ರು. ಗುಂಡಿ ಒತ್ತಿದಾಗ ಪುಟ ತಾನ ಹೊಸದಾಗಿ ತೆರೀತೈತಿ, ಅದನ್ನ ತಡಿಯೋ ಸಾಲು ನಾ ಬರದ ಇರಲಿಲ್ಲ.

ಅದನ್ನ ರಿಪೇರಿ ಮಾಡೂ ಹೊತ್ತಿಗೆ ಮಾವ ಮೆಲ್ಲಕ ಬಾಜೂ ಬಂದು ಕುಂತ್ರು. ಸಂಘದಾಗ ಒಂದ ಹೆಸರಿನವರು ನಾಕ್ನಾಕು ಮಂದಿ ಇದ್ರು, ಗುರುತಿಗೆ ಗಂಡನ ಹೆಸರಿನ ಖಾನೆ ಇಟ್ಟಿದ್ದೆ.

‘ತಂಗಿ, ಆ ಖಾನೆ ಖಾಲಿ ಬಿಟ್ರ ಅರ್ಜಿ ಮುಂದ ಹೋಗಬಾರದು. ಹಂಗ ಮಾಡಾಕ ಬರತೈತೇನು?’

‘ಬರತೈತ್ರಿ ಮಾವ. ನನಗ ಪಕ್ಕಾ ಬರೂದ ಅದೊಂದು,’ ಅಂದೆ.

ಖಾಲಿ ಬಿಟ್ರ ಕೆಂಪಗ ಆಗೂವಂಗ ಮಾಡಿದೆ. ಅತ್ತಿ ‘ಮನಿಯವರು’ ಅಂತ ಬರದು ಪಾರಾಗಾಕ ನೋಡಿದ್ರು. ನಾ ಬಿಡತೇನೇನು? ‘ಮನಿಯವರು’, ‘ಅವರು’, ‘ಇವರು’ ಕಂಡ್ರೂ ‘ಖರೆ ಹೆಸರು ಬರೀರಿ’ ಅಂತ ಬರೂವಂಗ ಇನ್ನೊಂದು ಸಾಲು ಹಾಕಿದೆ. ‘ನೀನ ಬರಿಯ,’ ಅಂತ ಅತ್ತಿ ಮೊಬೈಲ್ ನನ್ನ ಕೈಯಾಗ ತುರುಕಿದ್ರು. ‘ಸೊಸಿ ಮಾವನ ಹೆಸರು ಹೇಳಬಾರದು ಅಂತ ನೀವ ಕಲಿಸೀರಿ,’ ಅಂತ ಹೊಳ್ಳಿ ಕೊಟ್ಟೆ. ಮಾವ ಪೇಪರ್ ಮಾರಿಗಿ ಹಿಡಕೊಂಡು ಕೂತಿದ್ರು, ಹೊಟ್ಟಿ ಮಾತ್ರ ಕುಣೀತಿತ್ತು.

ಅತ್ತಿ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ ಅಡಗಿಮನಿ ಬಾಗಿಲು ಹಾಕಿಕೊಂಡ್ರು. ಒಂದ ಬೆರಳಿನಿಂದ ಅರ್ಧಾ ತಾಸು ಕುಟ್ಟಿ ಹೊರಗ ಬಂದು, ‘ಹೋತು ನೋಡು,’ ಅಂದ್ರು. ಹಸಿರು ಗುರುತು ಬಂದಿತ್ತು. ಮಾವನ ಮಾರಿ ಸಣ್ಣದಾತು. ಬಾಯಿಲೆ ಹೇಳಬೇಕು ಅಂತ ಅವರ ಆಸೆ ಇತ್ತು, ಪಾಪ.

ಟೇಬಲ್ ಹಂಚೋ ದಿನ ಸಂಘದ ಅಧ್ಯಕ್ಷರು ನನ್ನ ಪಟ್ಟಿ ಹಿಡದು ಗಟ್ಟಿಯಾಗಿ ಓದಿದ್ರು. ಡಬ್ಬಿ ಚೀಲ ಹಿಡಕೊಂಡು ಮಾವ ಬಾಗಿಲಾಗ ನಿಂತಿದ್ರು. ಹತ್ತನೇದು ಅತ್ತಿ ಹೆಸರು. ಮುಂದ ಗಂಡನ ಹೆಸರಿನ ಖಾನೆಯಾಗ:

‘ಕೊರ್ಲಹಳ್ಳಿ ಹೊಳಿ ನೀರು ಕುಡದು ಬೆಳದಾಕಿ
ಮುಂಡರಗಿ ಮನಿಗಿ ದೀಪ ಹಚ್ಚಾಕ ಬಂದಾಕಿ
ಖಾರ ತಿಂದು ಕಣ್ಣೀರಿಟ್ಟು ರೊಟ್ಟಿ ಬೇಡೋ’

ಅಷ್ಟ. ಅಲ್ಲಿಗೆ ಖತಂ.

ಏನಾಗೇತಿ ಅಂತ ನನಗ ತಟ್ಟನ ಹೊಳೀತು. ಯಾರ ಗಂಡನ ಹೆಸರು ನೂರು ಅಕ್ಷರ ಇರತೈತಿ ಅಂತ, ನೂರರ ಮ್ಯಾಲಿಂದು ಕತ್ತರಿಸಿ ಒಗಿ ಅಂತ ಬರದಿದ್ದೆ. ಅತ್ತಿ ಬರೇ ಹೆಸರು ಬರಿಯಾಕ ನಾಚಿ, ಲಗ್ನದಾಗ ತಪ್ಪಿಸಿದ ಒಡಪಾನ ಬರದಿದ್ರು. ಒಡಪಾದಾಗ ಹೆಸರು ಬರೂದ ಕಡೀಕ.

‘ಹೆಸರ ಇಲ್ಲಲ್ರಿ!’ ಅಂದ್ರು ಅಧ್ಯಕ್ಷರು. ‘ನಿಮ್ಮ ಹೆಸರಿನವರು ಇನ್ನೂ ಮೂರು ಮಂದಿ ಅದಾರ. ಈಗ ಹೇಳ್ರಿ, ಇಲ್ಲಂದ್ರ ಟೇಬಲ್ ಮುಂದಿನವರಿಗೆ.’

‘ತಪ್ಪು ನಂದ್ರಿ,’ ಅಂತ ಎದ್ದು ನಿಂತೆ. ಯಾರು ಕೇಳಬೇಕು? ಅಷ್ಟೂ ಹೆಣಮಕ್ಕಳು ಚಪ್ಪಾಳಿ ತಟ್ಟಿ, ‘ಹೆಸರು! ಹೆಸರು!’ ಅಂತ ಕೂಗಾಕ ಹತ್ತಿದ್ರು. ಅಲ್ಲಿ ಹಿತ್ತಲ ಬಾಗಿಲು ಇರಲಿಲ್ಲ.

ಅತ್ತಿ ಚಟ್ನಿ ಡಬ್ಬಿ ನೋಡಿದ್ರು, ಬಾಗಿಲಾಗ ನಿಂತವರನ್ನ ನೋಡಿದ್ರು. ಸೆರಗು ಸರಿ ಮಾಡಿಕೊಂಡು ಮೊದಲಿಂದ ಒಡಪ ಹೇಳಿ, ತುದಿಗಿ ಹೆಸರು ಇಟ್ಟು, ‘ಅವರ ಹೆಣತಿ ನಾನು,’ ಅಂದ್ರು. ಮಂದಿ ಹೋ ಅಂತು. ಮಾವ ಕನ್ನಡಕ ತಗದು ಅಂಗಿಲೆ ಒರಸಿದ್ರು, ಮತ್ತ ಒರಸಿದ್ರು. ನನಗೂ ಅಳು ಬಂತು.

ಟೇಬಲ್ ಸಿಕ್ತು. ಹೊಳ್ಳಿ ಬರುವಾಗ ಮಾವ, ‘ಗದ್ದಲದಾಗ ಸರಿ ಕೇಳಸಲಿಲ್ಲ, ಇನ್ನೊಮ್ಮೆ ಅನ್ನು,’ ಅಂದ್ರು. ‘ಸುಮ್ನ ನಡೀರಿ,’ ಅಂದ್ರು ಅತ್ತಿ.

ಆ ಹೆಸರು ಏನು ಅಂತ ನನ್ನ ಕೇಳಬ್ಯಾಡ್ರಿ. ನಾ ಆ ಮನಿ ಸೊಸಿ, ನನ್ನ ಬಾಯಾಗ ಬರಂಗಿಲ್ಲ.