ಕಿಟ್ಟು ಅವರ ಮೂವತ್ತೆರಡನೆಯ ಸಾವು

ನಮ್ಮ ಸಿ.ವಿ. ರಾಮನ್ ನಗರದ ಕಿಟ್ಟು ಅವರಷ್ಟು ಚೆನ್ನಾಗಿ ಸಾಯುವವರು ಈ ಭೂಮಂಡಲದಲ್ಲೇ ಇಲ್ಲ. ನಿಜವಾಗಿ ಸತ್ತವರೂ ಅವರ ಪಕ್ಕದಲ್ಲಿ ಸ್ವಲ್ಪ ಚಡಪಡಿಸಿದಂತೆ ಕಾಣುತ್ತಾರೆ. ಟಿ.ವಿ.ಯ ಒಂದು ಪತ್ತೇದಾರಿ ಧಾರಾವಾಹಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೆಣದ ಪಾತ್ರ ಅವರದು. ಮೂವತ್ತೊಂದು ಸಲ ಸತ್ತರೂ ಅವರ ಹೊಟ್ಟೆ ಒಮ್ಮೆಯೂ ಅಲುಗಿದ್ದನ್ನು ಕಂಡವರಿಲ್ಲ.

ಈ ವಿದ್ಯೆ ಬಂದದ್ದು ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಪೇಂಟ್ ಶಾಪಿನಿಂದ. ಸ್ಪ್ರೇ ಹೊಡೆಯುವಾಗ ಉಸಿರು ಬಿಗಿಹಿಡಿಯುವುದು ಅಲ್ಲಿನ ಅಭ್ಯಾಸ. ಬಾಣಸವಾಡಿಯಲ್ಲಿ ಗೂಡ್ಸ್ ರೈಲಿನ ಎಂಜಿನ್ ಕಂಡಾಗ ಎಳೆದ ಉಸಿರನ್ನು ಗಾರ್ಡಿನ ಡಬ್ಬಿ ದಾಟಿದ ಮೇಲೆ ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಐವತ್ತೆಂಟು ಡಬ್ಬಿಗಳಿದ್ದವು. ಜೊತೆಗಿದ್ದವರು ಮೂವತ್ತು ಎನ್ನುತ್ತಾರೆ. ಅವರಿಗೆ ಲೆಕ್ಕ ಬರುವುದಿಲ್ಲ.

ಕಿಟ್ಟು ಒಮ್ಮೆ ಹಲಸೂರು ಕೆರೆಯ ಹತ್ತಿರದ ಬಂಗಲೆಯೊಂದರಲ್ಲಿ ಶೂಟಿಂಗ್ ನೋಡಲು ಹೋಗಿದ್ದರು. ಹೆಣವಾಗಬೇಕಿದ್ದವನು ಕೈಕೊಟ್ಟ, ಇವರು ಮಲಗಿದರು. ಮಲಗಿಸಿದವರು ಸಹಾಯಕ ನಿರ್ದೇಶಕರಾಗಿದ್ದ ಶಿವಾಜಿನಗರದ ಗುಲ್ಷನ್ ಭಾಯಿ. ಅವರದೊಂದು ಪದ್ಧತಿ ಇತ್ತು. ಕ್ಯಾಮೆರಾ ಹೆಣದ ಕಡೆ ತಿರುಗುವ ಮುನ್ನ, ಹೆಣಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಪೆನ್ಸಿಲ್ಲಿನಿಂದ ನೆಲಕ್ಕೆ ಒಂದು ತಟ್ಟು: ಉಸಿರು ಬಂದ್. ಕ್ಯಾಮೆರಾ ಆಚೆ ಹೋದ ಮೇಲೆ ಎರಡು ತಟ್ಟು: ಬದುಕಬಹುದು.

ಹೀಗೆ ಸಾಯುತ್ತ ಸಾಯುತ್ತ ಕಿಟ್ಟು ಊರಿನ ಪೂರ್ವ ಭಾಗವನ್ನೆಲ್ಲ ಸುತ್ತಿದರು. ಇಂದಿರಾನಗರದಲ್ಲಿ ವಿಷ ಕುಡಿದು ಬಿದ್ದ ಮನೆ ಈಗ ಬಿಯರ್ ಕಾಯಿಸುವ ಹೋಟೆಲು. ಕಾಂಪೌಂಡಿನ ಮೇಲೆ ಮಲ್ಲಿಗೆ ಹಬ್ಬಿದ್ದ ಹಲಸೂರಿನ ಆ ಬಂಗಲೆ ಹದಿನಾಲ್ಕು ಅಂತಸ್ತಾಗಿದೆ. ರಾಮಮೂರ್ತಿ ನಗರದಲ್ಲಿ ಚೂರಿ ತಿಂದು ಒರಗಿದ ಮಾವಿನ ಮರದ ಜಾಗದಲ್ಲಿ ಮೊಬೈಲ್ ಅಂಗಡಿ. ಆಟೋದಲ್ಲಿ ಹೋಗುತ್ತ ಕೈತೋರಿಸಿ "ನಾನು ಸತ್ತಿದ್ದು ಇಲ್ಲೇ" ಅಂದರೆ ಡ್ರೈವರು ಕನ್ನಡಿ ಸರಿಮಾಡಿಕೊಂಡು ಇವರ ಕಾಲು ನೋಡುತ್ತಿದ್ದ. ಕೊಲೆಯಾದವರು ಗಟ್ಟಿಯಾಗಿದ್ದರು, ಕೊಲೆಯಾದ ಮನೆಗಳು ಉಳಿದಿರಲಿಲ್ಲ.

ಕೊರಗು ಒಂದೇ. ಅಷ್ಟೂ ಸಲ ಅವರು ಬೋರಲು ಬಿದ್ದಿದ್ದರು, ಇಲ್ಲವೇ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಎದುರು ಮನೆಯ ಶಿವಬಸಮ್ಮ, ಹುಬ್ಬಳ್ಳಿ ಕಡೆಯವರು, ಪ್ರತಿ ಸಾವಿಗೂ ಸಾಕ್ಷಿ ಕೇಳುತ್ತಿದ್ದರು. "ಅಂಗಾಲು ಎಲ್ಲಾರ್ದೂ ಹಂಗs ಇರ್ತಾವ್ರೀ ಕಿಟ್ಟಪ್ಪಾರ. ಮಾರಿ ತೋರಿಸ್ರಿ, ನಂಬ್ತೀನಿ." ಆ ಮಾತು ಬೀದಿಯಲ್ಲಿ ಬೆಳೆದು, ಕಿಟ್ಟು ಯಾವತ್ತೂ ಸತ್ತೇ ಇಲ್ಲ, ಎಲ್ಲ ಬಂಡಲ್ ಎಂಬಲ್ಲಿಗೆ ಬಂದು ನಿಂತಿತ್ತು.

ಹೋದ ವರ್ಷ ಧಾರಾವಾಹಿಯವರಿಂದ ಫೋನು ಬಂತು. ಈ ಸಲ ಅಂಗಾತ. ಮುಖ ಪೂರ್ತಿ ಕಾಣುತ್ತದೆ. ಎಪ್ಪತ್ತೊಂದರ ಕಿಟ್ಟು ಹದಿನೈದು ದಿನ ಕನ್ನಡಿಯ ಮುಂದೆ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿದರು. ಭಾನುವಾರ ಸಂಜೆ ಟಿ.ವಿ. ನೋಡಲು ಬನ್ನಿ ಎಂದು ಮದುವೆಗೆ ಕರೆದಂತೆ ಮನೆಮನೆಗೆ ಹೋಗಿ ಕರೆದರು.

ಶೂಟಿಂಗ್ ಕೆ.ಆರ್. ಪುರದ ಒಂದು ಖಾಲಿ ಫ್ಲಾಟಿನಲ್ಲಿ. ಗುಲ್ಷನ್ ಭಾಯಿ ಮಂಡಿನೋವಿನಿಂದ ಕೆಲಸ ಬಿಟ್ಟಾಗಿತ್ತು. ಈಗ ಒಟ್ಟಿಗೇ ಓಡುವ ಮೂರು ಕ್ಯಾಮೆರಾಗಳು, ನಿರ್ದೇಶಕರು ಪಕ್ಕದ ಕೋಣೆಯಲ್ಲಿ. ಕಿಟ್ಟು ಮಲಗಿ, ಅಭ್ಯಾಸಬಲದಿಂದ, ತಟ್ಟು ಬಂದಮೇಲೆ ನೋಡಿಕೊಳ್ಳೋಣ ಎಂದು ಆರಾಮವಾಗಿ ಉಸಿರಾಡುತ್ತ ಕಾದರು. ತಟ್ಟು ಬರಲೇ ಇಲ್ಲ. ಯಾರೋ ಬಂದು, ಮುಗೀತು ಅಂಕಲ್, ಏಳಿ ಎಂದರು. ಇನ್ನೊಂದು ಸಲ ತೆಗೆಯಿರಿ ಎಂದು ಕಿಟ್ಟು ಬೇಡಿಕೊಂಡರು. ಎಡಿಟಿಂಗಿನಲ್ಲಿ ಸರಿಮಾಡುತ್ತೇವೆ ಎಂದು ಅವರನ್ನು ಕ್ಯಾಬ್ ಹತ್ತಿಸಿದರು.

ಭಾನುವಾರ ಸಂಜೆ ಏಳಕ್ಕೆ ಅವರ ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಲ್ಷನ್ ಭಾಯಿಯೂ ಕೋಲೂರಿಕೊಂಡು ಬಂದಿದ್ದರು. ತೆರೆಯ ಮೇಲೆ ಹೆಣದ ಮುಖ ಕಂಡದ್ದೇ ತಡ, ಅವರ ಬೆರಳು ತಾನಾಗಿಯೇ ಕುರ್ಚಿಯ ಕೈಗೆ ಒಂದು ತಟ್ಟು ಕೊಟ್ಟಿತು. ಪಕ್ಕದಲ್ಲಿ ಕುಳಿತಿದ್ದ ಕಿಟ್ಟು ಉಸಿರು ಬಿಗಿಹಿಡಿದರು. ತೆರೆಯ ಮೇಲಿನ ಕಿಟ್ಟು ಅವರ ಹೊಟ್ಟೆ ಮಾತ್ರ ಏರಿತು, ಇಳಿಯಿತು, ಮತ್ತೆ ಏರಿತು.

ಒಂದು ಕಾಲದಲ್ಲಿ ಅಂಗಿಯ ಗುಂಡಿಗೆ ಹಾಕಿದ ದಾರ ನೋಡಿ ಕೊಲೆಗಾರನ ಟೈಲರ್ ಯಾರೆಂದು ಹೇಳುತ್ತಿದ್ದ ಪತ್ತೇದಾರ ಆ ಹೊಟ್ಟೆಯ ಮೇಲೇ ಬಗ್ಗಿ, "ಸತ್ತು ಎಂಟು ಗಂಟೆ ಆಗಿದೆ" ಎಂದ. ಕೊಲೆಗಾರ, ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹೆಸರೆತ್ತದ, ಆ ಪತ್ತೇದಾರನದೇ ಅವಳಿ ತಮ್ಮ. ಗುಲ್ಷನ್ ಭಾಯಿ ಕನ್ನಡಕ ತೆಗೆದು ಒರೆಸತೊಡಗಿದರು.

ಕೊನೆಗೆ ಶಿವಬಸಮ್ಮ ಗಂಟಲು ಸರಿಮಾಡಿಕೊಂಡರು. "ಮಾರಿ ನಿಮ್ದs ಐತಿ, ಒಪ್ಪಿದೆ. ಆದ್ರ ಹೆಣ ಉಸಿರಾಡಾಕತ್ತಿತ್ತಲ್ರೀ, ಕಿಟ್ಟಪ್ಪಾರ?"

ಕಿಟ್ಟು ಆಗಿನಿಂದ ಹಿಡಿದಿದ್ದ ಉಸಿರನ್ನು ನಿಧಾನವಾಗಿ ಬಿಟ್ಟರು.

"ನಾನು ಉಸಿರಾಡ್ತಾನೇ ಇದ್ದೆ ಕಣಮ್ಮ. ಸತ್ತು ಎಂಟು ಗಂಟೆ ಆಗಿದ್ದು ಅವರ ಸೀರಿಯಲ್ಲು."